ಸಿಪಾಯಿ ಖುದಾದಾದ್ ಖಾನ್

ಖುದಾದಾದ್ ಎಂದರೆ ದೇವರು ಕೊಟ್ಟದ್ದು. ಟಿಪ್ಪು ಸುಲ್ತಾನರು ತಮ್ಮ ರಾಜ್ಯವನ್ನು ಖುದಾದಾದ್ ಸರ್ಕಾರ ಎಂದೇ ಕರೆದಿದ್ದರು. ಅದೇ ಹೆಸರಿನ ಒಬ್ಬ ಬಡ ಸಿಪಾಯಿಯ ಬಗ್ಗೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನೀವು ಒಂದು ಸಾಲು ಓದಿರಬಹುದು: ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಮನುಷ್ಯನನ್ನು ತಿಳಿಯಲು ಸಾಲದು.

ಅವರು ಹುಟ್ಟಿದ್ದು 1888ರ ಅಕ್ಟೋಬರ್ 20ರಂದು, ಈಗ ಪಾಕಿಸ್ತಾನದಲ್ಲಿರುವ ಚಕ್ವಾಲ್ ಭಾಗದ ಡಬ್ ಎಂಬ ಹಳ್ಳಿಯಲ್ಲಿ. ಸೇರಿದ್ದು 129ನೇ ಬಲೂಚಿ ಪದಾತಿ ದಳಕ್ಕೆ. ಆಗ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. 1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾಯಿತು. ನಮ್ಮ ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಕುದುರೆ ದಳವೂ ಅದೇ ವರ್ಷ ಈಜಿಪ್ಟಿಗೆ ಹೊರಟಿತು. ಬಲೂಚಿ ದಳ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು.

ಬೆಲ್ಜಿಯಂನ ಈಪ್ರ್ ಪಟ್ಟಣದ ಸುತ್ತ ಜರ್ಮನರು ಸಮುದ್ರದ ಬಂದರುಗಳತ್ತ ನುಗ್ಗುತ್ತಿದ್ದರು. ಅವರನ್ನು ತಡೆದಿದ್ದ ಬ್ರಿಟಿಷರ ಸಾಲು ಬಹಳ ತೆಳುವಾಗಿತ್ತು. ತೆರವಿದ್ದ ಕಡೆಯಲ್ಲೆಲ್ಲ ಆಗ ತಾನೇ ಬಂದ ಭಾರತೀಯರನ್ನು ನಿಲ್ಲಿಸಿದರು. ಯುರೋಪಿನ ಚಳಿ, ಮೈಮೇಲೆ ತೆಳು ಬಟ್ಟೆ, ಗೊತ್ತಿಲ್ಲದ ನೆಲ.

ಅಕ್ಟೋಬರ್ 31. ಸ್ಥಳ ಹೊಲ್ಲೆಬೆಕೆ ಎಂಬ ಸಣ್ಣ ಊರು. ಖುದಾದಾದರಿಗೆ 26 ತುಂಬಿ ಹನ್ನೊಂದು ದಿನ. ದಳದ ಬಳಿ ಇದ್ದದ್ದು ಎರಡೇ ಮಶೀನ್ ಗನ್. ಒಂದು ಶೆಲ್ ಬಿದ್ದು ಕೆಟ್ಟುಹೋಯಿತು. ಗನ್ನುಗಳ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಗಾಯಗೊಂಡರು. ಉಳಿದ ಗನ್ನಿನ ಹತ್ತಿರ ಆರು ಜನ. ಖುದಾದಾದರೂ ಗಾಯಗೊಂಡಿದ್ದರು, ಆದರೂ ಗನ್ ನಡೆಸುತ್ತಲೇ ಇದ್ದರು. ಜೊತೆಗಿದ್ದ ಐವರೂ ಸತ್ತರು. ಇವರೂ ಸತ್ತರೆಂದು ತಿಳಿದು ಜರ್ಮನರು ಮುಂದೆ ಹೋದರು. ರಾತ್ರಿ ಕತ್ತಲಲ್ಲಿ ಅವರು ತೆವಳುತ್ತಾ ತಮ್ಮವರನ್ನು ಸೇರಿಕೊಂಡರು.

ಆ ಐವರ ಹೆಸರನ್ನೂ ದಯವಿಟ್ಟು ಓದಿ: ಹವಾಲ್ದಾರ ಗುಲಾಮ್ ಮುಹಮ್ಮದ್, ಸಿಪಾಯಿಗಳಾದ ಲಾಲ್ ಶೇರ್, ಸಯ್ಯದ್ ಅಹ್ಮದ್, ಕಾಸಿಬ್, ಲಾಫರ್ ಖಾನ್. ಅವರಿಗೂ ಪದಕಗಳು ಬಂದವು, ಆದರೆ ಕೊರಳೊಡ್ಡಲು ಅವರಿರಲಿಲ್ಲ. ಯಾವ ಕ್ವಿಜ್‌ನಲ್ಲೂ ಅವರ ಬಗ್ಗೆ ಪ್ರಶ್ನೆ ಬರುವುದಿಲ್ಲ.

ಭಾರತೀಯ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ಕೊಡಬಹುದೆಂದು ತೀರ್ಮಾನವಾದದ್ದೇ 1911ರಲ್ಲಿ. ಡಿಸೆಂಬರ್ 5ರಂದು ಫ್ರಾನ್ಸಿನಲ್ಲಿ ದೊರೆ ಐದನೇ ಜಾರ್ಜ್ ಆ ಪದಕವನ್ನು ಗಢವಾಲದ ದರ್ವಾನ್ ಸಿಂಗ್ ನೇಗಿಯವರಿಗೆ ತೊಡಿಸಿದರು. ಖುದಾದಾದರ ಸಾಹಸ ಅದಕ್ಕಿಂತ ಐದು ವಾರ ಹಿಂದಿನದು, ಆದರೆ ಅವರಿನ್ನೂ ಆಸ್ಪತ್ರೆಯಲ್ಲಿದ್ದರು. ಮೊದಲಿಗರು ಯಾರು ಎಂಬ ವಾದ ಹುಟ್ಟಿದ್ದು ಇಲ್ಲಿಂದಲೇ. ಆ ಕಾಲದಲ್ಲಿ ಬ್ರೈಟನ್ನಿನ ಅರಮನೆಯೊಂದನ್ನು ನಮ್ಮ ಗಾಯಾಳುಗಳಿಗಾಗಿ ಆಸ್ಪತ್ರೆ ಮಾಡಿದ್ದರು. ಅಲ್ಲಿ ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿದ್ದವು. ಹಿಂದೂ ಮುಸಲ್ಮಾನರಿಗೆ ಬೇರೆ ಬೇರೆ ಅಡುಗೆ ಮನೆಗಳಿದ್ದವು. ಉರ್ದು ಕಲಿಸುವ ನನಗೆ ಆ ಫಲಕಗಳ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ! ಖುದಾದಾದರು ತಮ್ಮ ಪದಕವನ್ನು 1915ರ ಜನವರಿ 26ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಪಡೆದರು.

ಗಾಯ ಮಾಯ್ದ ಮೇಲೂ ಅವರು ಸೇನೆ ಬಿಡಲಿಲ್ಲ. ಸುಬೇದಾರರಾಗಿ ನಿವೃತ್ತರಾದರು. ಮಂಡಿ ಬಹಾವುದ್ದೀನ್ ಕಡೆಯ ಹಳ್ಳಿಯಲ್ಲಿ ನೆಲೆ ನಿಂತರು. 1947ರಲ್ಲಿ ಅವರಿದ್ದ ನೆಲ ಬೇರೆ ದೇಶವಾಯಿತು. ಯಾರ ದೊರೆಗಾಗಿ ಹೋರಾಡಿದ್ದರೋ ಆ ರಾಜ್ಯವೇ ಹೋಯಿತು. ಎದೆಯ ಪದಕ ಮಾತ್ರ ಉಳಿಯಿತು. 1956ರಲ್ಲಿ ಪದಕದ ನೂರನೇ ವರ್ಷದ ಸಮಾರಂಭಕ್ಕೆ ಅವರು ಲಂಡನ್ನಿಗೆ ಹೋಗಿ ಬಂದರು. ಗಾಯಾಳುವಾಗಿ ಇಂಗ್ಲೆಂಡಿನಲ್ಲಿ ಮಲಗಿದ್ದವರು ಈಗ ಅರವತ್ತೇಳರ ಅಜ್ಜ.

1971ರ ಮಾರ್ಚ್ 8ರಂದು ಅವರು ತೀರಿಕೊಂಡರು. ಸತ್ತರೆಂದು ಶತ್ರುಗಳು ಬಿಟ್ಟುಹೋದ ಆ ರಾತ್ರಿಯ ನಂತರ ಅವರು 56 ವರ್ಷ ಬದುಕಿದ್ದರು. ಕಬರು ಚಕ್ ನಂಬರ್ 25 ಎಂಬ ಹಳ್ಳಿಯಲ್ಲಿದೆ.