ಕೊಳಕುಮಂಡಲದ ಹೆಸರಿನ ಹಿಂದಿರುವ ಡಾಕ್ಟರ್: ಯಾರು ಈ ರಸೆಲ್?

ಬೆಂಗಳೂರು: ಮಳೆಗಾಲ ಬಂತೆಂದರೆ ತುರಹಳ್ಳಿ ಕಾಡಿನ ಅಂಚು, ಬನಶಂಕರಿ ಆರನೇ ಹಂತ, ಜೆ.ಪಿ.ನಗರದ ಖಾಲಿ ಸೈಟುಗಳ ಕಡೆ ಕೊಳಕುಮಂಡಲದ ಭಯ ಇದ್ದದ್ದೇ. ಕುಕ್ಕರ್ ವಿಷಲ್ ಥರ ಬುಸುಗುಡುವ ಈ ಹಾವಿಗೆ ಇಂಗ್ಲಿಷ್‌ನಲ್ಲಿ ರಸೆಲ್ಸ್ ವೈಪರ್ ಅಂತಾರೆ. ಆ ರಸೆಲ್ ಯಾರು ಅಂತ ಗೊತ್ತಿರುವವರು ಕಮ್ಮಿ.

ಪ್ಯಾಟ್ರಿಕ್ ರಸೆಲ್ ಹುಟ್ಟಿದ್ದು 1727ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಓದಿದ್ದು ವೈದ್ಯಕೀಯ. ಸಿರಿಯಾದ ಅಲೆಪ್ಪೊ ಪಟ್ಟಣದಲ್ಲಿ ಸುಮಾರು ಇಪ್ಪತ್ತು ವರ್ಷ ಡಾಕ್ಟರ್ ಆಗಿದ್ದರು. ಅಲ್ಲಿ ಪ್ಲೇಗ್ ಬಂದಾಗ ಊರು ಬಿಡದೆ ರೋಗಿಗಳನ್ನು ನೋಡಿಕೊಂಡರು.

ಭಾರತಕ್ಕೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ತಮ್ಮ ಕ್ಲಾಡ್‌ಗೆ ವಿಶಾಖಪಟ್ಟಣದಲ್ಲಿ ಕಂಪನಿಯ ಕೆಲಸ, ಅವನ ಜೊತೆ ಬಂದವರು ಇವರು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇವರನ್ನೇ ಕರ್ನಾಟಿಕ್ ಪ್ರಾಂತ್ಯದ ಗಿಡಮೂಲಿಕೆ, ಪ್ರಾಣಿಗಳ ಅಧ್ಯಯನಕ್ಕೆ ನೇಮಿಸಿತು.

ಹಾವು ಕಡಿದು ಜನ ಸಾಯುವುದು ಆಗ ದೊಡ್ಡ ತೊಂದರೆ. ಯಾವ ಹಾವಿಗೆ ವಿಷ ಇದೆ, ಯಾವುದಕ್ಕೆ ಇಲ್ಲ ಅನ್ನೋದೇ ಗೊಂದಲ. ಮೈಬಣ್ಣ, ಪೊರೆ ನೋಡಿ ಗುರುತು ಹಿಡಿಯಬಹುದಾ ಅಂತ ರಸೆಲ್ ಹುಡುಕಿದರು, ಆಗಲಿಲ್ಲ. ನಂಬಬಹುದಾದ ಗುರುತು ವಿಷದ ಹಲ್ಲು ಮಾತ್ರ ಅನ್ನೋದು ಅವರಿಗೆ ಖಾತ್ರಿಯಾಯಿತು.

ಹಾವುಗಳಿಗೆ ಸ್ಥಳೀಯರು ಕರೆಯುತ್ತಿದ್ದ ಹೆಸರನ್ನೇ ಬರೆದುಕೊಂಡರು. ಕೊಳಕುಮಂಡಲವನ್ನು ತೆಲುಗಿನ ಕಾಟುಕ ರೇಕುಲ ಪೊಡ ಅನ್ನೋ ಹೆಸರಿನಲ್ಲಿ ದಾಖಲಿಸಿದರು. ತೆಲುಗಿನಲ್ಲಿ ಕಾಟುಕ ಅಂದ್ರೆ ಕಾಡಿಗೆ. ಕಟ್ಟುಹಾವಿನ ಜಾತಿಗೆ ಇವತ್ತಿಗೂ ಇರುವ ಬಂಗಾರಸ್ ಅನ್ನೋ ವೈಜ್ಞಾನಿಕ ಹೆಸರು ಕೂಡ ರಸೆಲ್ ಬರೆದಿಟ್ಟ ತೆಲುಗಿನ ಬಂಗಾರು ಪದದಿಂದಲೇ ಬಂದದ್ದು.

ನಾಯಿ, ಕೋಳಿಗಳ ಮೇಲೆ ವಿಷದ ಪರೀಕ್ಷೆ ಮಾಡಿ ಲಕ್ಷಣಗಳನ್ನು ಬರೆದಿಟ್ಟರು. ಆ ಕಾಲಕ್ಕೆ ತಂಜಾವೂರು ಮಾತ್ರೆ ಅಂತ ಒಂದು ಔಷಧಿ ಹಾವಿನ ಕಡಿತಕ್ಕೆ ಬಹಳ ಹೆಸರುವಾಸಿ. ಪಾಷಾಣ ಸೇರಿದ್ದ ಆ ಮಾತ್ರೆಯನ್ನೂ ಪರೀಕ್ಷೆಗೆ ಹಚ್ಚಿದರು. ಅದರಿಂದ ಉಪಯೋಗ ಇಲ್ಲ ಅಂತ ಗೊತ್ತಾಯಿತು.

1789ರಲ್ಲಿ ಊರಿಗೆ ವಾಪಸ್ಸಾದರು. ಕೋರಮಂಡಲ ತೀರದ ಹಾವುಗಳ ಬಗ್ಗೆ ಬಣ್ಣದ ಚಿತ್ರಗಳ ಮೊದಲ ಸಂಪುಟ 1796ರಲ್ಲಿ ಬಂತು. ಮರುವರ್ಷ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಶಾ, ಕೊಳಕುಮಂಡಲಕ್ಕೆ ವೈಜ್ಞಾನಿಕ ಹೆಸರಿಡುವಾಗ ರಸೆಲ್ ಹೆಸರನ್ನು ಸೇರಿಸಿದರು. ಈಗ ಅದು ಡಬೋಯಾ ರಸೇಲಿ. ಮದುವೆಯಾಗದ ರಸೆಲ್ 1805ರ ಜುಲೈ 2ರಂದು ಲಂಡನ್‌ನಲ್ಲಿ ತೀರಿಕೊಂಡರು. ಎರಡನೇ ಸಂಪುಟ ಪೂರ್ತಿ ಮುಗಿದದ್ದು ಅವರು ಹೋದ ಮೇಲೆ, 1809ರಲ್ಲಿ.

ರಸೆಲ್‌ಗೆ ಸಿಗದ ಮದ್ದು ಸಿಕ್ಕಿದ್ದು 1890ರ ದಶಕದಲ್ಲಿ, ಆಂಟಿವೆನಮ್ ರೂಪದಲ್ಲಿ. ಇವತ್ತು ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಗರಗಸ ಮಂಡಲ, ಕೊಳಕುಮಂಡಲ ನಾಲ್ಕಕ್ಕೂ ಕೆಲಸ ಮಾಡುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶಿಸಿದೆ.

ಆದರೂ ಕಡಿತವಾದ ಕೂಡಲೇ ನಾಟಿ ಮದ್ದು, ಮಂತ್ರ ಅಂತ ಓಡುವವರು ಇನ್ನೂ ಇದ್ದಾರೆ. ಮಾತ್ರೆ ಕೆಲಸ ಮಾಡಲ್ಲ ಅಂತ ರಸೆಲ್ ಬರೆದಿಟ್ಟು ಇನ್ನೂರು ವರ್ಷ ದಾಟಿದೆ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಹಾವನ್ನು ಹುಡುಕುತ್ತಾ ನಿಲ್ಲಬೇಡಿ. ಕಡಿತವಾದ ಕೈಕಾಲು ಅಲ್ಲಾಡದಂತೆ ಇಟ್ಟು ಸೀದಾ ಆಸ್ಪತ್ರೆಗೆ ಹೋಗಿ.