ಮಾತೆ ವೆರೋನಿಕಾ: ಪೀಠವೇರದೆ ಮಂದೆಯನ್ನು ಕಾಯ್ದ ತಾಯಿ

ಧರ್ಮಕೇಂದ್ರವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ ಅಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಮೊದಲು ನೆನೆಯುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿಗಳ ಈ ಬಯಲುಸೀಮೆಯಲ್ಲಿ ಕ್ರೈಸ್ತ ಕುಟುಂಬಗಳು ಒಂದೆಡೆ ನೆಲೆಸಿದವುಗಳಲ್ಲ. ದೂರ ದೂರದ ಊರುಗಳಲ್ಲಿ ಚದುರಿಕೊಂಡಿರುವಂಥವು. ಗುರುಗಳು ಬರಲಾಗದ ಭಾನುವಾರಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಜಪಸರ ಹೇಳಿಸಿದವರು, ಶಿಲುಬೆಯ ಗುರುತು ಹಾಕಲು ಕಲಿಸಿದವರು, ಸಾವಿನ ಮನೆಯಲ್ಲಿ ಪ್ರಾರ್ಥನೆ ನಡೆಸಿದವರು ಬಹುಮಟ್ಟಿಗೆ ತಾಯಂದಿರು. ಹಾಗಾದರೆ ಮಂದೆಯನ್ನು ಕಾಯುವ ಹೊಣೆ ಗುರುದೀಕ್ಷೆ ಪಡೆದ ಪುರುಷರದು ಮಾತ್ರವೇ? ಧರ್ಮಸಭೆಯಲ್ಲಿ ಸ್ತ್ರೀಯ ಸ್ಥಾನವೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಕರ್ನಾಟಕದ ಧರ್ಮಸಭೆಗೆ ಬಹಳವಾಗಿ ಬೇಕಾದ ಒಬ್ಬ ಮಹನೀಯಳ ಜೀವನವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ. ಆಕೆಯೇ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಂಸ್ಥಾಪಕಿ, ಪೂಜ್ಯ ಮಾತೆ ವೆರೋನಿಕಾ.

ಮಾತೆಯವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ಅವರು 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜನಿಸಿದರು. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಆಂಗ್ಲಿಕನ್ ಸಭೆಯ ಪಾದ್ರಿಗಳು. ಪವಿತ್ರ ಗ್ರಂಥವನ್ನು ಆಡುಮಾತಿನ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ತೊಡಗಿದ್ದವರು. ಮುಂದೆ ಕುಟುಂಬ ಗ್ರೀಸ್ ದೇಶದಲ್ಲಿ ನೆಲೆಸಿತು. ಹೀಗೆ ಪಾಲಕನ ಮನೆಯ ರೀತಿನೀತಿಗಳನ್ನು ಬಾಲಕಿ ಸೋಫಿ ಬಾಲ್ಯದಿಂದಲೇ ಕಂಡಳು. ಆದರೆ ಪಾದ್ರಿಯ ಮಗಳು ಪಾದ್ರಿಯಾಗುವ ಮಾತನ್ನು ಅಂದು ಯಾರೂ ಕನಸಿನಲ್ಲಿಯೂ ನೆನೆಯುತ್ತಿರಲಿಲ್ಲ. ಒಳ್ಳೆಯ ವಿದ್ಯೆ, ಬಳಿಕ ವಿವಾಹ, ಇವಿಷ್ಟೇ ಅಂಥ ಮನೆಯ ಹೆಣ್ಣುಮಗಳಿಗೆ ಕಾದಿರುತ್ತಿದ್ದ ದಾರಿ.

ಸೋಫಿ ಆ ದಾರಿಯನ್ನು ಹಿಡಿಯಲಿಲ್ಲ. ಬಹುಕಾಲದ ಅಂತರಂಗದ ಹುಡುಕಾಟದ ತರುವಾಯ, 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಆಂಗ್ಲಿಕನ್ ಪಾದ್ರಿಯ ಮಗಳೊಬ್ಬಳು ಆ ಕಾಲದಲ್ಲಿ ಇಂಥ ಹೆಜ್ಜೆಯಿಡುವುದೆಂದರೆ ತನ್ನವರ ನಡುವೆಯೇ ಪರಕೀಯಳಾಗುವುದು. ಮರುವರ್ಷವೇ ಅವರು ಸಂತ ಜೋಸೆಫರ ದರ್ಶನದ ಭಗಿನಿಯರ ಸಭೆಯಲ್ಲಿ ವ್ರತ ಕೈಗೊಂಡು, ಯಾತನೆಯ ವೆರೋನಿಕಾ ಎಂಬ ಹೆಸರನ್ನು ಧರಿಸಿದರು.

ಈ ಸಭೆಯ ಬಗ್ಗೆ ಒಂದು ಮಾತು ಹೇಳಬೇಕು. ಇದನ್ನು 1832ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿಸಿದವರು ಎಮಿಲಿ ದ ವಿಯಾಲಾರ್. ಭಗಿನಿಯರ ಆಡಳಿತ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ಅಲ್ಜಿಯರ್ಸಿನ ಧರ್ಮಾಧ್ಯಕ್ಷರಿಗೂ ಅವರಿಗೂ ಭಿನ್ನಾಭಿಪ್ರಾಯ ಬಂದು, ಕಟ್ಟಿದ ಮನೆಗಳನ್ನು ಬಿಟ್ಟು ಅವರು ಆಲ್ಜೀರಿಯದಿಂದ ಹೊರಡಬೇಕಾಯಿತು. ಅದೇ ಎಮಿಲಿಯವರನ್ನು 1951ರಲ್ಲಿ ಧರ್ಮಸಭೆ ಸಂತರ ಪದವಿಗೇರಿಸಿತು. ಸ್ತ್ರೀಯ ನಾಯಕತ್ವವೆಂಬುದು ಎಷ್ಟು ಕಠಿಣವಾದ ಹಾದಿಯೆಂಬುದನ್ನು ಭಗಿನಿ ವೆರೋನಿಕಾ ತಮ್ಮ ಮೊದಲ ಸಭೆಯ ಚರಿತ್ರೆಯಿಂದಲೇ ಅರಿತಿದ್ದಿರಬೇಕು.

1862ರಲ್ಲಿ ಭಗಿನಿ ವೆರೋನಿಕಾ ಭಾರತಕ್ಕೆ ಬಂದು ಕಲ್ಲಿಕೋಟೆಯ ಕನ್ಯಾಮಠದ ಹೊಣೆ ಹೊತ್ತರು. ಪಶ್ಚಿಮ ಕರಾವಳಿಯಲ್ಲಿ ಅಂದು ಧರ್ಮಪ್ರಚಾರ ಕಾರ್ಯ ಕಾರ್ಮೆಲ್ ಸಭೆಯ ಗುರುಗಳ ಕೈಯಲ್ಲಿತ್ತು. ಅವರಲ್ಲಿ ಫ್ರೆಂಚ್ ಗುರು ಮಾರಿ ಎಫ್ರೇಮ್ ಒಬ್ಬರು. ಹೆಣ್ಣುಮಕ್ಕಳು ಅಕ್ಷರವಿಲ್ಲದೆ ಮನೆಯೊಳಗೆ ಉಳಿದಿದ್ದುದನ್ನು ಕಂಡು ಅವರು ಮರುಗಿದ್ದರು. ಪರಪುರುಷರು ಮನೆಯ ಒಳಭಾಗಕ್ಕೆ ಹೋಗಿ ಹೆಂಗಸರೊಡನೆ ಮಾತನಾಡುವುದು ಈ ನಾಡಿನ ಅಂದಿನ ಸಂಪ್ರದಾಯಕ್ಕೆ ಒಪ್ಪುತ್ತಿರಲಿಲ್ಲ. ಗುರುಗಳಾದರೂ ಇದಕ್ಕೆ ಹೊರತಾಗಿರಲಿಲ್ಲ. ಗುರುಗಳು ಎಷ್ಟೇ ಶ್ರಮಿಸಿದರೂ ತಲುಪಲಾಗದ ಆ ಅರ್ಧ ಮಂದೆಯನ್ನು ಸ್ತ್ರೀಯರೇ ತಲುಪಬೇಕಾಗಿತ್ತು. ಕಾರ್ಮೆಲಿನ ಧ್ಯಾನಜೀವನವನ್ನು ಬಿಡದೆ, ಮಠದಿಂದ ಹೊರಬಂದು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಭಗಿನಿಯರ ಸಭೆಯೊಂದು ಬೇಕೆಂಬ ಯೋಚನೆ ಹೀಗೆ ಮೂಡಿತು. ಅದಕ್ಕೆ ರೂಪ ಕೊಡಬಲ್ಲವರು ವೆರೋನಿಕಾರವರೇ ಎಂದು ಮಾರಿ ಎಫ್ರೇಮರು ಮನಗಂಡರು.

ಇದು ಇಂದು ನಮಗೆ ಸಾಧಾರಣ ಯೋಚನೆಯಾಗಿ ತೋರಬಹುದು, ಅಂದು ಹಾಗಿರಲಿಲ್ಲ. 1566ರಲ್ಲಿ ಜಗದ್ಗುರು ಐದನೆಯ ಪಿಯುಸರು ಹೊರಡಿಸಿದ ಶಾಸನದಂತೆ ವ್ರತಧಾರಿಣಿಯರು ಮಠದ ಗೋಡೆಯೊಳಗೇ ಬಾಳಬೇಕಾಗಿತ್ತು. ಹೊರಗೆ ದುಡಿಯುವ ಭಗಿನಿಯರ ಸಭೆಗಳು ಕಾಲಕ್ರಮದಲ್ಲಿ ಹುಟ್ಟಿಕೊಂಡಿದ್ದರೂ, ಅವರನ್ನು ನಿಜವಾದ ಸನ್ಯಾಸಿನಿಯರೆಂದು ರೋಮಾಪುರಿ ಪೂರ್ಣವಾಗಿ ಒಪ್ಪಿದ್ದು 1900ರಲ್ಲಿ, ಹದಿಮೂರನೆಯ ಲಿಯೋರವರ ಕಾಲದಲ್ಲಿ. ಕಾರ್ಮೆಲಿನಂಥ ಏಕಾಂತದ ಸಭೆಯ ಹೆಸರು ಹೊತ್ತು ಶಾಲೆ ನಡೆಸುವುದೆಂದರೆ ಹಲವರ ಅನುಮಾನಕ್ಕೆ ಗುರಿಯಾಗುವುದೆಂದೇ ಅರ್ಥ.

ಮೊದಲು ತಾವೇ ಕಾರ್ಮೆಲಿನ ಜೀವನವನ್ನು ಕಲಿಯಬೇಕೆಂದು ವೆರೋನಿಕಾ ಭಾರತವನ್ನು ಬಿಟ್ಟು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠವನ್ನು ಸೇರಿದರು. ನಲವತ್ತು ದಾಟಿದ, ಮಠಾಧಿಕಾರವನ್ನು ನಡೆಸಿದ್ದ ಸ್ತ್ರೀ ಮತ್ತೆ ನವಶಿಷ್ಯೆಯಾಗಿ ಕುಳಿತರು. 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆ ಪ್ರಾರಂಭವಾಯಿತು. ಭಾರತಕ್ಕೆ ಹೊರಡುವ ಭಗಿನಿಯರನ್ನು ಅಲ್ಲಿ ಅವರು ತರಬೇತುಗೊಳಿಸಿದರು. ಮಾರಿ ಎಫ್ರೇಮರು 1870ರಲ್ಲಿ ಮಂಗಳೂರಿನ ಧರ್ಮಾಧಿಕಾರಿಗಳಾದರು. ಅದೇ ವರ್ಷದ ನವೆಂಬರಿನಲ್ಲಿ ಮೂವರು ಭಗಿನಿಯರು ಮಂಗಳೂರನ್ನು ತಲುಪಿದರು. ಮಾತೆ ಮಾರಿ ದೆಸ್ ಆಂಜ್ ಅವರ ಹಿರಿಯರು. ಸಂತ ಆನ್ನಮ್ಮನವರ ಹೆಸರಿನ ಕನ್ಯಾಮಠ ಮತ್ತು ಶಾಲೆ ಅಲ್ಲಿ ತಲೆಯೆತ್ತಿದವು. ಅದೇ ಕಾಲಕ್ಕೆ ಏಕಾಂತ ಮಠವೊಂದನ್ನು ಕಟ್ಟಲು ಪೋ ನಗರದಿಂದ ಬೇರೊಂದು ತಂಡವೂ ಹೊರಟಿತ್ತು. ಅವರಲ್ಲಿ ಕೆಲವರು ದಾರಿಯಲ್ಲಿಯೇ ಅಸುನೀಗಿದರು. ಉಳಿದು ಬಂದವರಲ್ಲಿ ಪಾಲೆಸ್ತೀನಿನ ಮರಿಯಂ ಬವಾರ್ದಿ ಒಬ್ಬರು. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತ ಸ್ವೀಕರಿಸಿದ ಈ ಬಡ ಭಗಿನಿ 2015ರಲ್ಲಿ ಸಂತರಾದರು.

ತಂಡಗಳೆಲ್ಲ ಹೊರಟವು, ಸಂಸ್ಥಾಪಕಿ ಮಾತ್ರ ಹೊರಡಲಿಲ್ಲ. ಭಾರತಕ್ಕೆ ಮರಳುವ ಭಾಗ್ಯ ಮಾತೆ ವೆರೋನಿಕಾರವರಿಗೆ ಮತ್ತೆ ಒದಗಲೇ ಇಲ್ಲ. 1873ರಲ್ಲಿ ಧರ್ಮಾಧಿಕಾರಿ ಮಾರಿ ಎಫ್ರೇಮರು ಕಾಲವಾದರು. ಬಯೋನಿನ ಮನೆಯೂ ಹೆಚ್ಚು ಕಾಲ ಬಾಳಲಿಲ್ಲ. ಮಾತೆಯವರು ಪೋ ಮಠದ ಏಕಾಂತಕ್ಕೆ ಹಿಂದಿರುಗಿದರು. ಕೆಲವು ಕಾಲ ಬೆತ್ಲೆಹೇಮಿನ ಕಾರ್ಮೆಲ್ ಮಠದಲ್ಲಿಯೂ ಸೇವೆ ಸಲ್ಲಿಸಿದರು. ತಾವು ಹೆತ್ತ ಸಭೆ ಸಾಗರದಾಚೆ ಬೆಳೆಯುತ್ತಿದ್ದಾಗ, ಅದರ ಆಡಳಿತದಲ್ಲಿ ಅವರಿಗೆ ಸ್ಥಾನವಿರಲಿಲ್ಲ. 1906ರ ನವೆಂಬರ್ 16ರಂದು, ಎಂಬತ್ತಮೂರರ ವಯಸ್ಸಿನಲ್ಲಿ, ಅವರು ಪೋ ನಗರದಲ್ಲಿ ದೈವಾಧೀನರಾದರು.

ಇದನ್ನು ಸೋಲೆನ್ನಬೇಕೆ? ಅವರ ಮಕ್ಕಳ ಕಾರ್ಯವನ್ನು ನೋಡೋಣ. 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು. ಶ್ರೀಲಂಕಾ, ಕುವೈತ್, ಬಹರೈನ್‌ಗಳವರೆಗೂ ಭಗಿನಿಯರು ಹೋದರು. ಈ ಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳು ಶಿಕ್ಷಕಿಯರಾಗಿ, ದಾದಿಯರಾಗಿ, ತಾಯಂದಿರಾಗಿ ನಾಡಿನ ಮೂಲೆಮೂಲೆಗೂ ಹರಡಿದರು. 2014ರ ಜುಲೈ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರು ಮಾತೆಯವರ ವೀರಸದ್ಗುಣಗಳನ್ನು ಅಂಗೀಕರಿಸಿ, ಅವರನ್ನು ಪೂಜ್ಯರೆಂದು ಸಾರಿದರು.

ಆದರೂ ನಾವು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಮಾತೆಯವರ ತಾಳ್ಮೆಯನ್ನು ಹೊಗಳಿ, ಸ್ತ್ರೀಯರು ಹೀಗೆಯೇ ಮರೆಯಲ್ಲಿರಲಿ ಎಂದು ಹೇಳುವುದು ಸುಲಭ. ಅವರು ಮರೆಯಲ್ಲಿರಲು ಹೊರಟವರಲ್ಲ. ಗೋಡೆಯನ್ನು ದಾಟಿ ಮಂದೆಯ ಬಳಿಗೆ ಹೋಗಬೇಕೆಂದು ಸಭೆಯನ್ನು ಕಟ್ಟಿದವರು. ಅವರ ತಾಳ್ಮೆ ದೊಡ್ಡದು. ಆದರೆ ಅವರ ಅನುಭವ ಮತ್ತು ವಿವೇಕ ಭಾರತದ ಭಗಿನಿಯರಿಗೆ ನೇರವಾಗಿ ದೊರೆಯದೆ ಹೋದದ್ದು ನಮಗಾದ ನಷ್ಟವೆಂದೇ ನಾವು ಭಾವಿಸುತ್ತೇವೆ.

ಗುರುದೀಕ್ಷೆ ಪುರುಷರಿಗೆ ಮಾತ್ರ ಸಲ್ಲತಕ್ಕದ್ದೆಂದು 1994ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ದೃಢಪಡಿಸಿದ್ದಾರೆ. ನಮ್ಮ ನೆರೆಯ ದಕ್ಷಿಣ ಭಾರತ ಸಭೆ ಬೇರೆ ದಾರಿ ಹಿಡಿದು, 2013ರಲ್ಲಿ ನಂದ್ಯಾಲದಲ್ಲಿ ಸ್ತ್ರೀಯೊಬ್ಬರನ್ನು ಬಿಷಪರನ್ನಾಗಿ ಅಭಿಷೇಕಿಸಿದೆ. ಆದರೆ ಕಥೋಲಿಕ ಧರ್ಮಸಭೆಯಲ್ಲಿಯೂ ಪಾಲನೆಯ ಹೊಣೆಯೆಲ್ಲ ದೀಕ್ಷೆಯೊಂದಕ್ಕೇ ಸೇರಿದ್ದಲ್ಲ. ಗುರುಗಳ ಕೊರತೆಯಿರುವಲ್ಲಿ ಧರ್ಮಕೇಂದ್ರದ ಪಾಲನಾಕಾರ್ಯದಲ್ಲಿ ಗುರುಗಳಲ್ಲದವರಿಗೂ ಪಾಲು ಕೊಡಲು 1983ರ ಧರ್ಮಸಂಹಿತೆ ಎಡೆಮಾಡಿದೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲಿ ಸ್ತ್ರೀಪುರುಷ ಸಮಾನತೆಯ ನೀತಿಯೊಂದನ್ನು ಪ್ರಕಟಿಸಿತು. 2021ರಲ್ಲಿ ವಾಚಕ ಸೇವೆ ಮತ್ತು ಪೀಠಸೇವೆಗಳು ಸ್ತ್ರೀಯರಿಗೂ ವಿಧಿಪೂರ್ವಕವಾಗಿ ತೆರೆದವು. ಅದೇ ವರ್ಷ ಉಪದೇಶಿಯ ಸೇವೆಗೆ ಅಧಿಕೃತ ಮನ್ನಣೆ ದೊರೆಯಿತು. 2025ರಲ್ಲಿ ವ್ಯಾಟಿಕನ್ನಿನಲ್ಲಿ ವ್ರತಧಾರಿಗಳ ಸಭೆಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಭಗಿನಿಯೊಬ್ಬರೇ ಮುಖ್ಯಸ್ಥೆಯಾಗಿ ನೇಮಕಗೊಂಡರು. ವೆರೋನಿಕಾರಂಥವರ ಬಾಳಿನ ಬಗ್ಗೆ ಪುರುಷರೇ ನಿರ್ಣಯಿಸುತ್ತಿದ್ದ ಕಾಲವನ್ನು ನೆನೆದಾಗ ಇದರ ಮಹತ್ವ ತಿಳಿಯುತ್ತದೆ.

ಬಾಗಿಲು ತೆರೆದರೆ ಸಾಲದು, ಒಳಗೆ ಕರೆಯುವವರು ಬೇಕು. ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಲ್ಲಿ ಸ್ತ್ರೀಯರು ಅಲಂಕಾರಕ್ಕಾಗಿ ಕುಳಿತುಕೊಳ್ಳದೆ, ಲೆಕ್ಕಪತ್ರವನ್ನೂ ಯೋಜನೆಯನ್ನೂ ಪರಿಶೀಲಿಸುವಂತಾಗಲಿ. ದೂರದ ಹಳ್ಳಿಗಳಲ್ಲಿ ಪ್ರಾರ್ಥನೆ ನಡೆಸುತ್ತಿರುವ ತಾಯಂದಿರಿಗೆ ಉಪದೇಶಿಯ ತಕ್ಕ ತರಬೇತಿ ದೊರೆಯಲಿ. ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮೊದಲು ಮುಟ್ಟಿಸುವಂತೆ ಯೇಸುಸ್ವಾಮಿ ಕಳುಹಿಸಿದ್ದು ಮಗ್ದಲದ ಮರಿಯಳನ್ನೆಂಬುದನ್ನು ನಾವು ಮರೆಯದಿರೋಣ. ಪೂಜ್ಯ ಮಾತೆ ವೆರೋನಿಕಾ ಬೇಗನೆ ಧನ್ಯರ ಪಂಕ್ತಿಗೆ ಸೇರಲೆಂದೂ, ಅವರ ಪ್ರಾರ್ಥನೆಯ ಬಲದಿಂದ ಈ ಬಯಲುನಾಡಿನ ನಮ್ಮ ಹೆಣ್ಣುಮಕ್ಕಳು ವಿದ್ಯೆಯಲ್ಲಿಯೂ ವಿಶ್ವಾಸದಲ್ಲಿಯೂ ಸೇವೆಯಲ್ಲಿಯೂ ಮುಂದಾಳುಗಳಾಗಲೆಂದೂ ನಾವು ಬೇಡಿಕೊಳ್ಳುತ್ತೇವೆ.