ಸೈಕ್ಲೋನಿಗೆ ಹೆಸರಿಟ್ಟ ಹೆನ್ರಿ ಪಿಡ್ಡಿಂಗ್ಟನ್ ಸಾಹೇಬರು

ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯವರಾದ ನಮ್ಮಲ್ಲಿ ಬಹುಜನರು ಸಮುದ್ರವನ್ನು ಕಂಡವರಲ್ಲ. ಆದರೂ ಸಮುದ್ರದ ಮೇಲೆ ಹುಟ್ಟಿದ ಗಾಳಿಮಳೆಗಳ ಪಾಲು ನಮಗೂ ಬರುತ್ತದೆ. ೨೦೦೯ ನೆಯ ಇಸವಿಯ ಅಕ್ಟೋಬರ ತಿಂಗಳ ಮೊದಲಲ್ಲಿ ಬಂಗಾಲ ಉಪಸಾಗರದ ಕಡೆಯಿಂದ ಬಂದ ವಾಯುಭಾರ ಕುಸಿತವು ಉತ್ತರ ಕರ್ನಾಟಕದ ಮೇಲೆ ಮಳೆ ಸುರಿಸಿದಾಗ ಬೆಣ್ಣಿಹಳ್ಳವು ದಂಡೆ ಮೀರಿ ಹೊಲಗಳನ್ನು ಹೊಕ್ಕಿತು. ನೆಲದ ಮೇಲೆ ಗಾಳಿಯ ಬಲ ಕುಂದಿದರೂ ಮೋಡಗಳು ತಂದ ನೀರು ಕುಂದುವುದಿಲ್ಲ. ಆದುದರಿಂದ ಈ ಮಹನೀಯರ ಚರಿತ್ರವು ನಮ್ಮ ವಿದ್ಯಾರ್ಥಿನಿಯರಿಗೆ ಪರಕೀಯವಾಗಲಾರದು.

ಪಿಡ್ಡಿಂಗ್ಟನ್ ಸಾಹೇಬರು ೧೭೯೭ ರಲ್ಲಿ ಇಂಗ್ಲೆಂಡದಲ್ಲಿ ಹುಟ್ಟಿದರು. ವ್ಯಾಪಾರೀ ಹಡಗಿನ ಕಪ್ತಾನರಾಗಿದ್ದು, ಬಳಿಕ ಕಲಕತ್ತೆಯಲ್ಲಿ ನೆಲೆಸಿದರು. ೧೮೩೮ ರಲ್ಲಿ ರೀಡ್ ಎಂಬ ಸೈನ್ಯಾಧಿಕಾರಿಯು ಬಿರುಗಾಳಿಗಳ ನಿಯಮವನ್ನು ಕುರಿತು ಗ್ರಂಥ ಬರೆದನು. ಅದನ್ನು ಅನುಸರಿಸಿ ಇವರು ಹಡಗುಗಳ ದಿನಚರಿಗಳನ್ನು ಕೂಡಿಹಾಕಿ, ಗಾಳಿಯು ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರಮಾಪಕದಲ್ಲಿ ಪಾದರಸವು ಎಷ್ಟು ಇಳಿಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸತೊಡಗಿದರು. ಎಂಥ ಬೇಸರದ ಕೆಲಸ! ೧೮೩೯ ರ ನವಂಬರದಲ್ಲಿ ಗೋದಾವರಿಯ ಮುಖದಲ್ಲಿದ್ದ ಕೋರಿಂಗ ಬಂದರವು ಸಮುದ್ರದ ತೆರೆಯಿಂದ ಹಾಳಾಯಿತು. ಆ ಬಿರುಗಾಳಿಯನ್ನೂ ಅವರು ಪರಿಶೋಧಿಸಿದರು.

ಅವರು ಕಂಡದ್ದೇನೆಂದರೆ, ಈ ಗಾಳಿಯು ನೆಟ್ಟಗೆ ಬೀಸದೆ ಒಂದು ನಡುವನ್ನು ಸುತ್ತುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ದಕ್ಷಿಣಕ್ಕೆ ಮುಳ್ಳಿನಂತೆ. ನಡುವಿನ ಕಣ್ಣಿನಲ್ಲಿ ಗಾಳಿ ಶಾಂತವಾಗಿರುತ್ತದೆ. ಗಂಡಾಂತರ ಕಳೆಯಿತೆಂದು ನಾವಿಕರು ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ. ೧೮೪೫ ರಲ್ಲಿ ಮಾರಿಷಸ್ ದ್ವೀಪದ ಹತ್ತಿರ ಚಾರ್ಲ್ಸ್ ಹೆಡಲ್ ಎಂಬ ಹಡಗು ಗಾಳಿಗೆ ಬೆನ್ನುಕೊಟ್ಟು ಐದು ದಿವಸ ಓಡಿತು. ದೂರ ಸಾಗಿದೆವೆಂದುಕೊಂಡವರು ಗಾಣದ ಎತ್ತಿನಂತೆ ಸುತ್ತುತ್ತಲೇ ಇದ್ದರೆಂದು ಸಾಹೇಬರು ಅದರ ದಿನಚರಿಯಿಂದ ತೋರಿಸಿಕೊಟ್ಟರು. ೧೮೪೮ ರಲ್ಲಿ ನಾವಿಕರಿಗಾಗಿ ಪುಸ್ತಕ ಬರೆದು, ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ ಶಬ್ದದಿಂದ ಸೈಕ್ಲೋನ್ ಎಂಬ ಹೆಸರನ್ನು ಕಲ್ಪಿಸಿದರು. ನಕ್ಷೆಯ ಮೇಲಿಟ್ಟು ಬಿರುಗಾಳಿಯ ನಡುವನ್ನು ಹುಡುಕಲು ಕೊಂಬಿನ ಪಾರದರ್ಶಕ ಹಲಗೆಗಳನ್ನೂ ಪುಸ್ತಕದೊಡನೆ ಕೊಟ್ಟರು. ಉತ್ತರಾರ್ಧದಲ್ಲಿ ಗಾಳಿಗೆ ಮುಖಮಾಡಿ ನಿಂತವನ ಬಲಗಡೆಗೆ ಆ ನಡುವು ಇರುತ್ತದೆಂದು ಬಡ ನಾವಿಕನೂ ತಿಳಿಯುವಂತಾಯಿತು.

ಹೂಗ್ಲಿ ನದಿಯು ಹೂಳಿನಿಂದ ತುಂಬುವುದೆಂಬ ಭಯದಿಂದ ಸರಕಾರದವರು ಮಾತಲಾ ನದಿಯ ತೀರದಲ್ಲಿ ಹೊಸ ಬಂದರವನ್ನು ಕಟ್ಟಿಸಲು ಯೋಚಿಸಿದರು. ೧೮೫೩ ರಲ್ಲಿ ಪಿಡ್ಡಿಂಗ್ಟನ್ ಸಾಹೇಬರು ಗವರ್ನರ್ ಜನರಲ್ ಡಾಲ್‌ಹೌಸಿಯವರಿಗೆ ಪತ್ರ ಬರೆದು, ಎಂದಾದರೊಂದು ದಿನ ಸೈಕ್ಲೋನು ಎಬ್ಬಿಸಿದ ಉಪ್ಪುನೀರು ಆ ಊರನ್ನು ಐದರಿಂದ ಹದಿನೈದು ಅಡಿಗಳಷ್ಟು ಮುಳುಗಿಸುವುದೆಂದು ಎಚ್ಚರಿಸಿದರು. ಪೌಲನ ಮಾತಿಗಿಂತ ಹಡಗಿನ ಯಜಮಾನನ ಮಾತನ್ನೇ ಹೆಚ್ಚೆಂದೆಣಿಸಿದ ಶತಾಧಿಪತಿಯ ಕಥೆಯು ಇಲ್ಲಿ ನಮ್ಮ ನೆನಪಿಗೆ ಬರುತ್ತದೆ. ಸಾಹೇಬರು ೧೮೫೮ ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡರು. ಪೋರ್ಟ್ ಕ್ಯಾನಿಂಗ್ ಎಂಬ ಹೆಸರಿನಿಂದ ಬಂದರವು ಎದ್ದಿತು. ಕಟ್ಟೆಗಳಾದವು, ರೈಲೂ ಬಂದಿತು. ೧೮೬೭ ರ ನವಂಬರ ೧ ರಂದು ಬಿರುಗಾಳಿಯೊಡನೆ ಸುಮಾರು ಆರಡಿ ನೀರು ಅದರ ಮೇಲೆ ಹರಿಯಿತು. ಕೆಲವು ವರ್ಷಗಳ ಮೇಲೆ ಸರಕಾರದವರು ಆ ಬಂದರವನ್ನು ಬಿಟ್ಟುಬಿಟ್ಟರು.